ಹದಿಹರೆಯದ ಮನಸ್ಸಿಗೂ ಒಂದು ಗಡಿಯಾರ

2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರಕಾರವು ಒಂದು ಆಜ್ಞೆ ಹೊರಡಿಸಿತು. ನಾಲ್ಕನೆಯ ಇಯತ್ತೆಯವರೆಗಿನ ಮಕ್ಕಳ ಶಾಲೆ ಬೆಳಿಗ್ಗೆ 9 ಗಂಟೆಗೆ ಮೊದಲು ಆರಂಭವಾಗಬಾರದು ಎಂಬುದು ಅದರ ಸಾರ. ಅದಕ್ಕೆ ಎರಡು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ಆಗಿನ ರಾಜ್ಯಪಾಲರಾದ ರಮೇಶ ಬೈಸ್ ಅವರು ಮಕ್ಕಳ ನಿದ್ದೆಯ ವಿಷಯವನ್ನು ಎತ್ತಿ ಆಡಿದ್ದರು. ಚಿಕ್ಕ ಮಕ್ಕಳ ತಾಯಂದಿರು ಹಿಗ್ಗಿದರು. ಶಾಲಾ ಬಸ್ಸುಗಳ ಮಾಲಕರು ಗೊಣಗಿದರು. ಆದರೆ ಎಂಟನೆಯ, ಒಂಬತ್ತನೆಯ, ಹತ್ತನೆಯ ಇಯತ್ತೆಯ ಮಕ್ಕಳ ಮಾತು ಆ ಆಜ್ಞೆಯಲ್ಲಿ ಇರಲಿಲ್ಲ. ಸೋಜಿಗವೆಂದರೆ, ಮುಂಜಾನೆ ಎಬ್ಬಿಸಿದರೆ ಯಾರ ಮನಸ್ಸಿಗೆ ಹೆಚ್ಚು ಪೆಟ್ಟು ಎಂದು ಅಳೆದು ನೋಡಿದವರೆಲ್ಲ ಬೊಟ್ಟುಮಾಡಿ ತೋರಿಸುವುದು ಈ ದೊಡ್ಡ ಮಕ್ಕಳನ್ನೇ.

ನಮ್ಮ ಪುಣೆಯ ಕನ್ನಡ ಮನೆಗಳಲ್ಲಿ ಬೆಳಗಿನ ಆರು ಗಂಟೆ ಹೇಗಿರುತ್ತದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಒಲೆಯ ಮೇಲೆ ಅವಲಕ್ಕಿಯ ಒಗ್ಗರಣೆ, ಕೆಳಗೆ ರಿಕ್ಷಾ ಕಾಕಾನ ಹಾರ್ನು, ಒಳಕೋಣೆಯಿಂದ "ಅವ್ವಾ, ಇನ್ನೊಂದ ಐದ ಮಿನಿಟ" ಎಂಬ ಆಲಾಪ. ಎಬ್ಬಿಸಿದರೆ ಮೋರೆ ಗಂಟು. ಏನಾಗಿದೆಯೆಂದು ಕೇಳಿದರೆ "ಏನೂ ಆಗಿಲ್ಲ, ಬಿಡು" ಎಂಬ ಒಂದೇ ಉತ್ತರ. ಅದೇ ಹುಡುಗ ರಾತ್ರಿ ಹತ್ತಕ್ಕೆ ಅಜ್ಜನೊಡನೆ ಕ್ರಿಕೆಟ್ಟಿನ ಚರ್ಚೆಗೆ ಕುಳಿತನೆಂದರೆ ಮನೆಯೆಲ್ಲ ನಗು. ದಿನದ ಎರಡು ತುದಿಗಳಲ್ಲಿ ಎರಡು ಬೇರೆ ಬೇರೆ ಮಕ್ಕಳನ್ನು ಕಂಡಂತೆ! ಹಿರಿಯರು ಹೆಸರಿಡುವುದು ಮಾತ್ರ ಮುಂಜಾನೆಯ ಮಗುವನ್ನು ನೋಡಿ: 'ಸೋಮಾರಿ', 'ಸಿಡುಕ'.

ಈಗಿನ ಮಕ್ಕಳು 'ಮೂಡ್' ಎನ್ನುವ ಈ ಮನದ ಲಹರಿಗೆ ದಿನದ ಹೊತ್ತಿನೊಡನೆ ಕಟ್ಟಿದ ಒಂದು ಲಯವಿದೆಯೆ? ಇದ್ದರೆ, ಜ್ವರವನ್ನು ಅಳೆದಂತೆ ಅದನ್ನು ಅಳೆಯಲು ಬರುವುದೆ?

ಹೊತ್ತಿಗೂ ಮನಸ್ಸಿಗೂ ನಂಟಿದೆಯೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಿಂದ ಈ ಊರಿನಲ್ಲಿ ನಡೆದುಬಂದಿರುವ ಸಂಗೀತೋತ್ಸವಕ್ಕೆ ಹೋದವರಿಗೆಲ್ಲ ಗೊತ್ತು: ತೋಡಿ ಬೆಳಗಿನ ರಾಗ, ಭೀಮಪಲಾಸ ಮಧ್ಯಾಹ್ನ ಇಳಿದ ಮೇಲಿನದು, ಮಾರವಾ ಮುಚ್ಚಂಜೆಯದು, ದರಬಾರಿ ರಾತ್ರಿಯದು. ಗದಗಿನ ಕಡೆಯಿಂದ ಬಂದು ಪುಣೆಯವರೇ ಆಗಿಹೋದ ಭೀಮಸೇನ ಜೋಶಿಯವರು ಬೆಳಗಿನ ರಾಗವನ್ನು ಹಾಡುತ್ತಿದ್ದುದು ಬೆಳಗಿನಲ್ಲಿಯೇ. (ಧ್ವನಿವರ್ಧಕಗಳಿಗೆ ರಾತ್ರಿ ಹತ್ತರ ಕಟ್ಟು ಬಂದಾಗಿನಿಂದ ನಡುರಾತ್ರಿಯ ರಾಗಗಳಿಗೆ ಆ ಮಂಟಪದಲ್ಲಿ ಎಡೆ ಕಡಮೆಯಾಯಿತು, ಆ ದುಃಖ ಬೇರೆ.) ನಮ್ಮ ಗಾಯಕರು ಈ ನಂಟನ್ನು ಬಲ್ಲರು; ಅಳೆಯುವ ಗೋಜಿಗೆ ಅವರು ಹೋಗಲಿಲ್ಲ.

ಅಳೆಯುವುದರಲ್ಲಿ ಒಂದು ತೊಡಕಿದೆ. "ಹೋದ ವಾರ ನಿನ್ನ ಮನಸ್ಸು ಹೇಗಿತ್ತು?" ಎಂದು ಕೇಳಿದರೆ ಯಾರೂ ಹೋದ ವಾರದ ಲೆಕ್ಕ ಹೇಳಲಾರರು. ಈ ಗಳಿಗೆಯಲ್ಲಿ ಮನಸ್ಸು ಹೇಗಿದೆಯೋ ಅದನ್ನೇ ಇಡೀ ವಾರಕ್ಕೆ ಬಳಿದುಬಿಡುತ್ತಾರೆ. ಅಂದಮೇಲೆ, ಆ ಗಳಿಗೆಯ ಮಾತನ್ನು ಆ ಗಳಿಗೆಯಲ್ಲಿಯೇ ಹಿಡಿಯಬೇಕು. ಅಮೆರಿಕೆಯ ಚಿಕಾಗೋದಲ್ಲಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಮತ್ತು ರೀಡ್ ಲಾರ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ಸರಳ ಉಪಾಯ ಹೂಡಿದರು. ಡಾಕ್ಟರರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಪೇಜರನ್ನು 75 ಮಂದಿ ಹೈಸ್ಕೂಲು ಮಕ್ಕಳಿಗೆ ಒಂದು ವಾರದ ಮಟ್ಟಿಗೆ ಕೊಟ್ಟರು. ಯಾವಾಗ ಕೂಗುವುದೆಂದು ಮಕ್ಕಳಿಗೆ ತಿಳಿಯದು. ಕೂಗಿದೊಡನೆ, ತರಗತಿಯಲ್ಲಿರಲಿ, ಊಟದ ಮೇಜಿನಲ್ಲಿರಲಿ, ಕಿಸೆಯಲ್ಲಿದ್ದ ಚಿಕ್ಕ ಹಾಳೆಯಲ್ಲಿ ಬರೆಯಬೇಕು: ಈಗ ಎಲ್ಲಿದ್ದೀ, ಯಾರೊಡನಿದ್ದೀ, ಏನು ಮಾಡುತ್ತಿದ್ದೀ, ಮನಸ್ಸು ಹೇಗಿದೆ. 1984ರಲ್ಲಿ ಈ ಕೆಲಸ ಪುಸ್ತಕವಾಗಿ ಬಂದಿತು.

ಅದಕ್ಕೆ ಮೊದಲು 1980ರಲ್ಲಿಯೇ ಅವರು ಪ್ರಕಟಿಸಿದ ಒಂದು ಫಲಿತಾಂಶ ಪ್ರತಿಯೊಬ್ಬ ತಾಯ್ತಂದೆಯ ಕಿವಿಗೆ ಬೀಳಬೇಕಾದುದು. ಹದಿಹರೆಯದವರ ಮನಸ್ಸು ದೊಡ್ಡವರದಕ್ಕಿಂತ ಹೆಚ್ಚು ಎತ್ತರಕ್ಕೆ ಏರುತ್ತದೆ, ಹೆಚ್ಚು ಆಳಕ್ಕೆ ಇಳಿಯುತ್ತದೆ, ಬೇಗಬೇಗನೆ ತಿರುಗುತ್ತದೆ. ಇಷ್ಟು ನಮಗೂ ಗೊತ್ತು. ಆದರೆ ಇಂಥ ದೊಡ್ಡ ಏರಿಳಿತವಿರುವ ಮಕ್ಕಳು ಉಳಿದವರಿಗಿಂತ ಹೆಚ್ಚು ದುಃಖಿಗಳಾಗಲಿ, ಕೆಟ್ಟ ಹೊಂದಾಣಿಕೆಯವರಾಗಲಿ ಆಗಿರಲಿಲ್ಲ! ಏರಿಳಿತವೇ ರೋಗವಲ್ಲವೆಂದಾಯಿತು. ಏರದೆ ಇಳಿಯದೆ ಕೆಳಗೇ ಕುಳಿತ ಮನಸ್ಸಿನ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇವೆ.

ಅಮೆರಿಕೆಯ ಮಕ್ಕಳ ಮಾತು ನಮಗೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದೇ ಲಾರ್ಸನ್ನರೊಡನೆ ಕೂಡಿ ಸುಮನ್ ವರ್ಮಾ ಎಂಬ ವಿದುಷಿ ಚಂಡೀಗಢದಲ್ಲಿ ಇದೇ ಪ್ರಯೋಗ ಮಾಡಿದರು. ಎಂಟನೆಯ ಇಯತ್ತೆಯ ನೂರು ಮಕ್ಕಳು, ಅರ್ಧ ಹುಡುಗರು, ಅರ್ಧ ಹುಡುಗಿಯರು. ಎಲ್ಲರೂ ಮಧ್ಯಮ ವರ್ಗದ ಮನೆಯವರು. ಪೇಜರಿನ ಬದಲು ಕೈಗೆ ಅಲಾರಮ್ ಗಡಿಯಾರ. ಒಂದು ವಾರದಲ್ಲಿ ಸುಮಾರು 4,700 ಚೀಟಿಗಳು ಕೂಡಿದವು. ಮಕ್ಕಳ ಎಚ್ಚರದ ಹೊತ್ತಿನಲ್ಲಿ ಮೂರರಲ್ಲೊಂದು ಪಾಲು ಶಾಲೆಗೆ, ಮನೆಪಾಠಕ್ಕೆ ಹೋಗುತ್ತಿತ್ತು. ಆ ಹೊತ್ತಿನಲ್ಲಿಯೇ ಮನಸ್ಸು ಹೆಚ್ಚು ಕುಗ್ಗಿರುತ್ತಿತ್ತು, ಆತಂಕವೂ ಹೆಚ್ಚು. ಆದರೆ ಒಂದು ಸಮಾಧಾನದ ಮಾತೂ ಆ ಚೀಟಿಗಳಲ್ಲಿತ್ತು: ಮನೆಯವರೊಡನೆ ಕಳೆದ ಹೊತ್ತು ನಮ್ಮ ಮಕ್ಕಳಿಗೆ ಹೆಚ್ಚಾಗಿ ಹಿತವಾಗಿಯೇ ಇತ್ತು. ಹದಿಹರೆಯ ಬಂದಿತೆಂದರೆ ಮಗು ಮನೆಯಿಂದ ದೂರ ಸರಿಯಿತು ಎಂಬ ಪಡುವಣದ ಸೂತ್ರ ಇಲ್ಲಿ ಅಷ್ಟಾಗಿ ನಿಲ್ಲಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ಅದನ್ನು ನಾವು ಬಹಳ ಬೆಲೆಯುಳ್ಳದ್ದೆಂದು ತಿಳಿಯುತ್ತೇವೆ. ಮನಸ್ಸನ್ನು 'ಚೆನ್ನ'ದಿಂದ 'ಕೆಟ್ಟ'ಕ್ಕೆ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಸಹಜವೆಂದು ತೋರುತ್ತದೆ. ಡೇವಿಡ್ ವಾಟ್ಸನ್ ಮೊದಲಾದವರು 1988ರಲ್ಲಿ ಎರಡು ಗೋಲುಗಳನ್ನು ಇಟ್ಟರು: ಹುರುಪು, ಆಸಕ್ತಿ, ಚುರುಕು ಇವುಗಳದು ಒಂದು, ಸಿಟ್ಟು, ಭಯ, ಬೇಗುದಿ ಇವುಗಳದು ಇನ್ನೊಂದು. ಕಾಲೇಜಿನ ತರುಣ ತರುಣಿಯರಲ್ಲಿ ಹೀಗೆ ಬೇರೆ ಬೇರೆಯಾಗಿ ಅಳೆದಾಗ ಕಂಡುದೇನು? ಹುರುಪಿಗೆ ದಿನದ ಲಯವಿದೆ. ಎದ್ದಾಗ ಅದು ತಗ್ಗಿನಲ್ಲಿರುತ್ತದೆ, ಹೊತ್ತೇರಿದಂತೆ ಗುಡ್ಡ ಹತ್ತುತ್ತದೆ, ರಾತ್ರಿ ಇಳಿಯುತ್ತದೆ. ಸಿಟ್ಟು-ಬೇಗುದಿಗಳಿಗೆ ಅಂಥ ಸ್ಪಷ್ಟವಾದ ಲಯವಿಲ್ಲ. ಕಾರಣ ಬಂದಾಗ ಬರುತ್ತವೆ, ಹೋಗುತ್ತವೆ. ಎಂದರೆ ಬೆಳಿಗ್ಗೆ ಆರಕ್ಕೆ ಮೋರೆ ಗಂಟಿಕ್ಕಿದ ಹುಡುಗನಿಗೆ ತಾಯಿಯ ಮೇಲೆ ಸಿಟ್ಟಿರಬೇಕೆಂದಿಲ್ಲ. ಅವನಲ್ಲಿ ಹುರುಪು ಇನ್ನೂ ಹುಟ್ಟಿಲ್ಲ, ಅಷ್ಟೆ. ನಾವು "ಯಾಕೋ ಸಿಟ್ಟು?" ಎಂದು ನಾಲ್ಕು ಸಲ ಕೇಳಿದರೆ ಐದನೆಯ ಸಲಕ್ಕೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಹುರುಪಿನ ಈ ಗುಡ್ಡವನ್ನು ಎಬ್ಬಿಸುವುದರಲ್ಲಿ ದೊಡ್ಡ ಪಾಲು ಮೈಯೊಳಗಿನ ಒಂದು ಗಡಿಯಾರದ್ದು. 1729ರಲ್ಲಿಯೇ ದ ಮೆರಾಂ ಎಂಬ ಫ್ರೆಂಚ್ ವಿದ್ವಾಂಸನು ಮುಟ್ಟಿದರೆ-ಮುನಿಯಂಥ ಒಂದು ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ್ದ. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲಿಗೆ ತೆರೆದು ರಾತ್ರಿಗೆ ಮಡಿಚುತ್ತಿದ್ದವು. ಇಂಥ ಲಯಕ್ಕೆ 'ಸರ್ಕೇಡಿಯನ್', ಎಂದರೆ 'ಸುಮಾರು ಒಂದು ದಿನದ್ದು', ಎಂಬ ಹೆಸರನ್ನು ಫ್ರಾಂಝ್ ಹಾಲ್ಬರ್ಗ್ ಎಂಬವರು 1959ರಲ್ಲಿ ಕೊಟ್ಟರು. ನಮ್ಮ ದೇಶದಲ್ಲಿ ಈ ಶಾಸ್ತ್ರದ ಬೀಜ ಬಿತ್ತಿದವರು ಮಧುರೈ ಕಾಮರಾಜ ವಿಶ್ವವಿದ್ಯಾಲಯದ ಎಂ. ಕೆ. ಚಂದ್ರಶೇಖರನ್. ಅವರು ಗವಿಯ ಬಾವಲಿಗಳ ಲಯವನ್ನು ಅಭ್ಯಸಿಸಿದುದಲ್ಲದೆ, ಹೊತ್ತಿನ ಸುಳಿವು ಸಿಗದ ಕೋಣೆಯಲ್ಲಿ ಮನುಷ್ಯರನ್ನೂ ಇರಿಸಿ ನೋಡಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಮನುಷ್ಯನಲ್ಲಿ ಈ ಗಡಿಯಾರ ಮೆದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವಲ್ಲಿ, ಸುಮಾರು 20 ಸಾವಿರ ನರಕೋಶಗಳ ಒಂದು ಚಿಕ್ಕ ಮುದ್ದೆಯಾಗಿ ಕುಳಿತಿದೆ. ಅದರ ದಿನ 24 ತಾಸಿಗಿಂತ ತುಸು ಉದ್ದ. ಆದುದರಿಂದ ದಿನಾಲೂ ಯಾರಾದರೂ ಅದಕ್ಕೆ ಕೀಲಿ ತಿರುವಿ ಹೊತ್ತು ಸರಿಪಡಿಸಬೇಕು. ಆ ಕೆಲಸ ಬೆಳಕಿನದು: ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ.

ಹದಿಹರೆಯ ಬಂದಿತೆಂದರೆ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಇದನ್ನು ತೋರಿಸಿಕೊಟ್ಟವರು ಮೇರಿ ಕಾರ್ಸ್ಕಡನ್. 1976ರಿಂದ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಬೇಸಿಗೆಯ ನಿದ್ರಾಶಿಬಿರ ನಡೆಸಿ, ಅದೇ ಮಕ್ಕಳನ್ನು ವರ್ಷ ವರ್ಷವೂ ಕರೆದು, ರಾತ್ರಿ ಹತ್ತು ತಾಸು ಹಾಸಿಗೆ ಕೊಟ್ಟು ಅವರು ಅಳೆದರು. ದೊಡ್ಡವರಾದಂತೆ ನಿದ್ದೆ ಕಡಮೆ ಸಾಕೆಂದು ಆಗ ಎಲ್ಲರ ಎಣಿಕೆ. ಹಾಗಾಗಲಿಲ್ಲ, ನಿದ್ದೆ ಒಂಬತ್ತು ತಾಸಿನ ಮೇಲೆಯೇ ನಿಂತಿತು. 1993ರಲ್ಲಿ ಅವರ ತಂಡ ಇನ್ನೊಂದು ಮಾತು ಹೇಳಿತು: ತಡವಾಗಿ ಮಲಗಿ ತಡವಾಗಿ ಏಳುವ ಒಲವು ಮಕ್ಕಳ ಮೈಯ ಬೆಳವಣಿಗೆಯೊಡನೆ ಹೆಜ್ಜೆ ಹಾಕುತ್ತದೆ. ಅದು ಬರಿಯ ಚಟವಲ್ಲ, ಗೆಳೆಯರ ಸಹವಾಸದೋಷವೂ ಅಲ್ಲ. ಮತ್ತೊಂದು ಪರೀಕ್ಷೆಯಲ್ಲಿ 7 ಗಂಟೆ 20 ನಿಮಿಷಕ್ಕೆ ಶಾಲೆಗೆ ಹೋಗಬೇಕಾದ ಹತ್ತನೆಯ ತರಗತಿಯ ಮಕ್ಕಳನ್ನು ಹಗಲಿನಲ್ಲಿ ಮಲಗಲು ಬಿಟ್ಟರೆ, ಸುಮಾರು ಅರ್ಧದಷ್ಟು ಮಕ್ಕಳು ನೇರವಾಗಿ ಕನಸಿನ ನಿದ್ದೆಗೆ ಜಾರಿದರು. ಆ ಹೊತ್ತಿಗೆ ಅವರ ಮೆದುಳಿಗೆ ಇನ್ನೂ ರಾತ್ರಿಯೇ. ಅಂಥ ಮೆದುಳಿಗೆ ನಾವು ಬೀಜಗಣಿತ ಹೇಳುತ್ತೇವೆ.

ಈಗ ಪುಣೆಯ ಮಾತಿಗೆ ಬರೋಣ. ಭಾರತದ ಕಾಲವನ್ನು ಪೂರ್ವ ರೇಖಾಂಶ 82½ ಡಿಗ್ರಿಗೆ ಕಟ್ಟಿದ್ದಾರೆ. ಪುಣೆ ಇರುವುದು 74ಕ್ಕೂ ತುಸು ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ, ಪುಣೆಯ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ಸುಮಾರು 35 ನಿಮಿಷ ಹಿಂದೆ! ಶಾಲೆಯ ಗಂಟೆ 7 ಹೊಡೆದಾಗ ಸೂರ್ಯನ ಲೆಕ್ಕದಲ್ಲಿ ಆರೂ ಇಪ್ಪತ್ತೈದು. ಮುಂಬಯಿಯ ಜನ 1955ರವರೆಗೆ ಹಟ ಹಿಡಿದು ಇಟ್ಟುಕೊಂಡಿದ್ದ 39 ನಿಮಿಷ ಹಿಂದಿನ 'ಬಾಂಬೇ ಟೈಮ್' ಬರಿಯ ಹಟವಾಗಿರಲಿಲ್ಲವೇನೋ ಎಂದು ನಮಗೆ ಅನಿಸುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ. ಬೆಳಗಿನ ಪಾಳಿಯ ಮಕ್ಕಳು ಹೊರಡುವುದು ಕತ್ತಲೆಯಲ್ಲಿ. ಗಡಿಯಾರಕ್ಕೆ ಕೀಲಿ ಕೊಡಬೇಕಾದ ಬೆಳಕೇ ಅವರಿಗೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಸಂಜೆಯ ಬೆಳಕು ಮಾತ್ರ ಕೋಲಕತ್ತೆಯವರಿಗಿಂತ ಎಷ್ಟೋ ಹೆಚ್ಚು ಹೊತ್ತು ಉಳಿಯುತ್ತದೆ. ಇದರ ಪರಿಣಾಮವನ್ನು ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ದೇಶದ ಅಂಕಿಗಳಿಂದ ಲೆಕ್ಕ ಹಾಕಿದ್ದಾರೆ: ಸೂರ್ಯಾಸ್ತ ಒಂದು ತಾಸು ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ತಾಸು ಕಡಮೆಯಾಗುತ್ತದೆ. ನಮ್ಮ ಬೆಳಗಾವಿ ಧಾರವಾಡಗಳ ಸ್ಥಿತಿಯೂ ಪುಣೆಯದಕ್ಕಿಂತ ಬಹಳ ಬೇರೆಯಲ್ಲ.

ಹೀಗೆ ವಯಸ್ಸು ಒಂದು ಕಡೆ ಎಳೆಯುತ್ತದೆ, ಸೂರ್ಯ ಇನ್ನೊಂದಿಷ್ಟು ಎಳೆಯುತ್ತಾನೆ, ಕೈಯಲ್ಲಿನ ಮೊಬೈಲು ಉಳಿದುದನ್ನು ಎಳೆಯುತ್ತದೆ. ಶಾಲೆಯ ಗಂಟೆ ಮಾತ್ರ ಎದುರು ದಿಕ್ಕಿಗೆ ಜಗ್ಗುತ್ತದೆ. ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸುವ ಶಾಲೆಗಳಲ್ಲಿ ಚಿಕ್ಕವರನ್ನು ತಡವಾಗಿ ಕರೆದರೆ ದೊಡ್ಡವರನ್ನು ಇನ್ನೂ ಬೇಗ ಕರೆಯುವ ಸಂಭವವೇ ಹೆಚ್ಚು. ಅಮೆರಿಕೆಯ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲುಗಳನ್ನು 7-50ರ ಬದಲು 8-45ಕ್ಕೆ ತೆರೆದರು. ಮಕ್ಕಳ ಮಣಿಕಟ್ಟಿಗೆ ಚಲನವಲನ ಎಣಿಸುವ ಪಟ್ಟಿ ಕಟ್ಟಿ ಅಳೆದಾಗ ನಿದ್ದೆ 34 ನಿಮಿಷ ಹೆಚ್ಚಾಗಿತ್ತು. ತಡವಾಗಿ ತೆರೆದರೆ ಮಕ್ಕಳು ಅಷ್ಟೇ ತಡವಾಗಿ ಮಲಗುವರೆಂಬ ಹಿರಿಯರ ವಾದಕ್ಕೆ ಆ ಪಟ್ಟಿ ಉತ್ತರ ಕೊಟ್ಟಿತು.

ಸಿಯಾಟಲಿನಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಅಳೆಯುವುದು ಕೈಯಲ್ಲಿದೆ. ಪ್ರಯೋಗಶಾಲೆಯಲ್ಲಿ ಜೊಲ್ಲನ್ನು ತೆಗೆದು ಅದರಲ್ಲಿನ ಮೆಲಟೋನಿನ್, ಕಾರ್ಟಿಸೋಲ್ ರಸಗಳನ್ನು ಅಳೆಯುತ್ತಾರೆ. ಮನೆಯಲ್ಲಿ ಅದು ಬೇಡ. ಒಂದು ಇನ್ನೂರು ಪುಟದ ವಹಿ, ಅಪ್ಪಾ ಬಳವಂತ ಚೌಕದಿಂದ ತಂದ ನಾಲ್ಕು ಗ್ರಾಫ್ ಹಾಳೆ, ಒಂದು ಪೆನ್ಸಿಲು, ಇಷ್ಟು ಸಾಕು. ದಿನಕ್ಕೆ ಐದು ಹೊತ್ತು ಗೊತ್ತುಮಾಡಿಕೊಳ್ಳಬೇಕು: ಎದ್ದು ಕಾಲು ತಾಸಿಗೆ, ಶಾಲೆಯ ಡಬ್ಬಿಯ ಹೊತ್ತಿಗೆ, ಮನೆಗೆ ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಮಲಗುವ ಮೊದಲು. ಪ್ರತಿ ಸಲವೂ ಎರಡೇ ಅಂಕಿ: ಹುರುಪಿಗೆ 1ರಿಂದ 5, ಬೇಗುದಿಗೆ 1ರಿಂದ 5. ಪಕ್ಕದಲ್ಲಿ ಎರಡು ಮಾತು: ಎಲ್ಲಿ, ಯಾರೊಡನೆ. ಮಲಗಿದ ಹೊತ್ತು, ಎದ್ದ ಹೊತ್ತು ಬರೆದರೆ ಮುಗಿಯಿತು. ಎರಡು ವಾರ ಬಿಡದೆ ನಡೆಯಬೇಕು. ಎರಡು ರವಿವಾರಗಳು ಅದರಲ್ಲಿ ಬರಲೇಬೇಕು. ಕೊನೆಗೆ ಒಂದೊಂದು ಹೊತ್ತಿನ ಅಂಕಿಗಳನ್ನು ಕೂಡಿಸಿ ದಿನಗಳಿಂದ ಭಾಗಿಸಿ ಗ್ರಾಫಿನ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯಬೇಕು. ಎಂಟನೆಯ ಇಯತ್ತೆಯವರಿಗೆ ಸರಾಸರಿ ಬರುತ್ತದೆ, ಅವರೇ ಮಾಡಲಿ.

ಬರೆಯುವುದು ಮಗು, ವಹಿಯೂ ಮಗುವಿನದು. ತಾಯ್ತಂದೆಗಳು ಕದ್ದು ನೋಡಿದ ದಿನದಿಂದ ಅದರಲ್ಲಿ ಬರುವುದು ತಾಯ್ತಂದೆಗಳಿಗೆ ಬೇಕಾದ ಅಂಕಿ. ತೋರಿಸುವ ಮನಸ್ಸಾದರೆ ಗ್ರಾಫನ್ನು ತೋರಿಸಲಿ, ಹಾಳೆಗಳನ್ನಲ್ಲ. "ನಿನ್ನೆ ಯಾಕೆ ಎರಡೇ ಹಾಕೀದಿ?" ಎಂದು ಜೆರೆಯುವ ಮನೆಯಲ್ಲಿ ಈ ಪ್ರಯೋಗ ಮಾಡದಿರುವುದೇ ಲೇಸು. ಪರೀಕ್ಷೆಯ ವಾರ, ಜ್ವರದ ವಾರ, ಗಣಪತಿಯ ಹತ್ತು ದಿನ, ಇವನ್ನೂ ಬಿಡಬೇಕು; ಆಗಿನ ಗೆರೆ ಯಾರದೂ ನೆಟ್ಟಗಿರದು.

ಗೆರೆಯನ್ನು ಓದುವುದು ಹೇಗೆ? ಹುರುಪು ಬೆಳಿಗ್ಗೆ ಒಂದೂವರೆ, ಸಂಜೆ ನಾಲ್ಕು, ರಾತ್ರಿಯೂ ನಾಲ್ಕು ಎಂದಿದೆ, ರವಿವಾರ ತಡವಾಗಿ ಎದ್ದ ದಿನ ಬೆಳಗಿನ ಅಂಕಿಯೂ ಮೂರಕ್ಕೆ ಏರಿದೆ ಎಂದಿಟ್ಟುಕೊಳ್ಳೋಣ. ಅದು ಹಿಂದೆ ಬಿದ್ದ ಗಡಿಯಾರ, ಸ್ವಭಾವದ ದೋಷವಲ್ಲ. ಅಂಥ ಮಗುವಿಗೆ ಏಳುತ್ತಲೇ ಗ್ಯಾಲರಿಯ ಬೆಳಕು, ರಾತ್ರಿ ಮೊಬೈಲನ್ನು ಹೊರಕೋಣೆಯಲ್ಲಿ ಚಾರ್ಜಿಗಿಡುವುದು, ರವಿವಾರ ಒಂದೆರಡು ತಾಸಿಗಿಂತ ಹೆಚ್ಚು ಮಲಗದಿರುವುದು ನೆರವಾಗುತ್ತವೆ. ಅಂಕಪಟ್ಟಿಯ ವಿಚಾರಣೆಯನ್ನು ಬೆಳಗಿನ ಆರೂವರೆಗೆ ಇಟ್ಟುಕೊಳ್ಳದಿದ್ದರೆ ಇನ್ನೂ ಹೆಚ್ಚು ನೆರವಾಗುತ್ತದೆ. ಇನ್ನೊಂದು ಬಗೆಯ ಗೆರೆಯಿದೆ: ಎಲ್ಲ ದಿನವೂ ನೆಟ್ಟಗಿದ್ದು ಮಂಗಳವಾರ, ಗುರುವಾರ ಸಂಜೆಗೆ ಮಾತ್ರ ಬೇಗುದಿ ಐದಕ್ಕೆ ಜಿಗಿಯುತ್ತದೆ. ಆ ದಿನ ಆ ಹೊತ್ತಿಗೆ ಏನಿದೆ? ಕ್ಲಾಸಿನಲ್ಲಿ ಯಾರೋ ಕಾಡುತ್ತಿರಬಹುದು, ವ್ಯಾನಿನಲ್ಲಿ ಏನೋ ನಡೆಯುತ್ತಿರಬಹುದು. ಬಾಯಿಬಿಟ್ಟು ಹೇಳಲಾರದ ಮಾತನ್ನು ಅಂಕಿ ಹೇಳಿದೆ. ಕೂಡಲೇ, ಆದರೆ ಮೆಲ್ಲಗೆ, ವಿಚಾರಿಸಬೇಕು.

ಮೂರನೆಯ ಗೆರೆಗೆ ನಾವು ಹೆದರಬೇಕು. ಅದರಲ್ಲಿ ಗುಡ್ಡವೇ ಇಲ್ಲ. ಬೆಳಿಗ್ಗೆಯೂ ಒಂದು, ಸಂಜೆಯೂ ಒಂದು, ರವಿವಾರವೂ ಒಂದು. ಮೊದಲು ಪ್ರಾಣವಾಗಿದ್ದ ಆಟದಲ್ಲಿ, ಗೆಳತಿಯರಲ್ಲಿ, ಹಬ್ಬದ ಊಟದಲ್ಲಿ ಕೂಡ ಒಂದೇ. ಕೆಲವರಲ್ಲಿ ನಸುಕಿನಲ್ಲಿಯೇ ಎಚ್ಚರವಾಗಿ ಬೆಳಗಿನ ಹೊತ್ತು ಎಲ್ಲಕ್ಕಿಂತ ಭಾರವಾಗಿರುತ್ತದೆ. ಈ ವಯಸ್ಸಿನಲ್ಲಿ ಅದು ಅಳುವಿನ ಬದಲು ಸಿಡುಕಾಗಿ ತೋರಬಹುದು; ಆದುದರಿಂದಲೇ ಬೆಳಗಿನ ಸಿಡುಕೊಂದನ್ನೇ ನೋಡಿದವರಿಗೆ ಮೊದಲನೆಯ ಮಗುವಿಗೂ ಈ ಮಗುವಿಗೂ ವ್ಯತ್ಯಾಸ ಕಾಣದು. ಎರಡು ವಾರ, ದಿನದ ಹೆಚ್ಚು ಹೊತ್ತು ಹೀಗಿದ್ದರೆ ಅದು ಖಿನ್ನತೆಯೆಂಬ ಕಾಯಿಲೆ ಇರಬಹುದು. ಡಾಕ್ಟರರಿಗೆ ತೋರಿಸಲೇಬೇಕು, ತೋರಿಸಿದರೆ ಗುಣವಾಗುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರೆಂದು ಸರಕಾರದ ಅಪರಾಧ ದಾಖಲೆ ಕಚೇರಿಯ ಲೆಕ್ಕ. ರಾಜ್ಯಗಳಲ್ಲಿ ಮೊದಲ ಸ್ಥಾನ ಮಹಾರಾಷ್ಟ್ರದ್ದು. ಸಾಯುವ ಮಾತು ಮಗುವಿನ ಬಾಯಿಂದ ಬಂದರೆ ವಹಿಯ ಎರಡು ವಾರ ಕಾಯುವಂತಿಲ್ಲ, ಅಂದೇ ಹೊರಡಬೇಕು. ನೇರವಾಗಿ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುವುದೆಂಬ ಭಯ ಬೇಡ, ಕೇಳುವುದರಿಂದ ಹಾಗಾಗುವುದಿಲ್ಲ. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ 'ಟೆಲಿ ಮಾನಸ್' ಎಂಬ ಫೋನಿನ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿ ಪುಕ್ಕಟೆಯಾಗಿ ಸಿಗುತ್ತದೆ. ಅದರ ಹಿರಿಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲಿಯೂ ಮಾತನಾಡಬಹುದು, ಮರಾಠಿಯಲ್ಲಿಯೂ.

ಬೇಸಿಗೆಯ ರಜೆಗೆ ಮಕ್ಕಳು ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳ ಅಜ್ಜನ ಮನೆಗೆ ಹೊರಟಾಗ ವಹಿಯನ್ನೂ ಚೀಲದಲ್ಲಿ ಹಾಕಿ ಕಳಿಸಿರೆಂದು ನಮ್ಮ ಸೂಚನೆ. ಯಾರೂ ಎಬ್ಬಿಸದ ಮೊದಲ ಕೆಲವು ದಿನ ಬಿಟ್ಟು ಎರಡನೆಯ ವಾರದ ಲೆಕ್ಕ ಹಿಡಿದರೆ ಮಗುವಿನ ಸ್ವಂತ ಗಡಿಯಾರ ಕಾಣುತ್ತದೆ. ಜರ್ಮನಿಯ ಟಿಲ್ ರೊಯೆನ್ನೆಬೆರ್ಗ್ ಎಂಬವರು ಇದಕ್ಕೆ ನಿದ್ದೆಯ ನಡುಬಿಂದುವನ್ನು ಅಳತೆ ಮಾಡಿದ್ದಾರೆ. ಶಾಲೆಯ ದಿನ 11-30ಕ್ಕೆ ಮಲಗಿ 6ಕ್ಕೆ ಎದ್ದರೆ ನಡುಬಿಂದು 2-45. ರಜೆಯಲ್ಲಿ 12-30ಕ್ಕೆ ಮಲಗಿ 9-30ಕ್ಕೆ ಎದ್ದರೆ ಅದು 5 ಗಂಟೆ. ಎರಡೂ ಕಾಲು ತಾಸಿನ ಅಂತರ. ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದಿದೆ. ಎಂದರೆ ಈ ಮಗು ರವಿವಾರ ಹೆಚ್ಚು ಕಡಮೆ ಕುವೈತಿನಲ್ಲಿದ್ದು ಸೋಮವಾರ ನಸುಕಿಗೆ ಪುಣೆಯಲ್ಲಿ ಇಳಿಯುತ್ತದೆ, ಅದೂ ವಾರ ವಾರಕ್ಕೆ. ಹೀಗೆ ಹಿಂದೆ ಸರಿಯುವುದು ಇಪ್ಪತ್ತರ ಸುಮಾರಿಗೆ ನಿಂತು ಮತ್ತೆ ಮುಂದೆ ಬರತೊಡಗುತ್ತದೆಂದು, ಹುಡುಗಿಯರಲ್ಲಿ ತುಸು ಮೊದಲು, ಹುಡುಗರಲ್ಲಿ ತುಸು ತಡವಾಗಿ ಎಂದು, ಅವರು 2004ರಲ್ಲಿಯೇ ತೋರಿಸಿದ್ದಾರೆ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕೂಡುವ ಅಜ್ಜನಿಗೂ ಒಂದು ಗ್ರಾಫ್ ಹಾಳೆ ಕೊಟ್ಟರೆ ಮೊಮ್ಮಗನಿಗೆ ಸರಾಸರಿ ತೆಗೆಯುವ ಅಭ್ಯಾಸ ಇನ್ನಷ್ಟು ಆದೀತು.